ಲೀಟರಿಗೆ ಎರಡು ಸಾವಿರ ಕಿಲೋಮೀಟರ್ ಅಂದರೆ ನಂಬೋದಾ?

ಈ ಸಲ ಬಂದ ಪತ್ರಗಳಲ್ಲಿ ಮೈಲೇಜಿನದ್ದೇ ಗಲಾಟೆ. ವಿದ್ಯಾರ್ಥಿಗಳು ಕಟ್ಟಿದ ಕಾರುಗಳ ಬಗ್ಗೆ ಬರುವ ಸುದ್ದಿ ಓದಿ ಕೆಲವರಿಗೆ ಸಿಟ್ಟು, ಕೆಲವರಿಗೆ ಆಸೆ. ಎಂಜಿನ್ ಟೆಸ್ಟ್ ಬೆಂಚಿನ ಪಕ್ಕ ಬಹಳ ವರ್ಷ ಕಳೆದವಳು ನಾನು. ಯಾರಾದರೂ ಒಂದು ಅಂಕಿ ಹೇಳಿದರೆ ಮೊದಲು ಅನುಮಾನ ಪಡುವುದು ನನ್ನ ಅಭ್ಯಾಸ. ಹಾಗಾಗಿ ನಿಮ್ಮ ಅನುಮಾನಕ್ಕೆ ನನ್ನ ಬೆಂಬಲ ಇದೆ. ಆದರೆ ಹೆಚ್ಚಿನವರು ಅದನ್ನು ತಪ್ಪು ಕಡೆ ತಿರುಗಿಸಿದ್ದಾರೆ.

ಪ್ರಶ್ನೆ: ಮೇಡಂ, ಕಾಲೇಜು ಹುಡುಗರ ಕಾರು ಒಂದು ಲೀಟರ್ ಪೆಟ್ರೋಲಿಗೆ ಎರಡು ಸಾವಿರ ಕಿ.ಮೀ. ಕೊಟ್ಟಿತು ಅಂತ ಪೇಪರಿನಲ್ಲಿ ಓದಿದೆ. ನನ್ನ ಕಾರು ಹದಿನೇಳು ದಾಟಲ್ಲ. ಇದು ಅಪ್ಪಟ ಸುಳ್ಳಲ್ವಾ? ಸುಳ್ಳಲ್ಲ ಅನ್ನೋದಾದರೆ ಕಂಪನಿಗಳು ಇಷ್ಟು ದಿನ ನಮಗೆ ಟೋಪಿ ಹಾಕಿದವಾ?

ಎರಡೂ ಅಲ್ಲ. ಒಂದು ಪೆನ್ಸಿಲ್ ತಗೊಳ್ಳಿ, ಲೆಕ್ಕ ಹಾಕಿಯೇ ಬಿಡೋಣ. ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಗಾಡಿ ಒಂದೇ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಅದನ್ನು ಹಿಡಿದು ಎಳೆಯುವುದು ಮುಖ್ಯವಾಗಿ ಎರಡು. ಟೈರ್ ಉರುಳುವಾಗಿನ ತಡೆ, ಎದುರು ಗಾಳಿಯ ತಡೆ. ವಿದ್ಯಾರ್ಥಿಗಳು ಮೈಲೇಜ್ ಸ್ಪರ್ಧೆಗೆ ಅಂತಲೇ ಕಟ್ಟುವ ಗಾಡಿಗೆ ಸಾಮಾನ್ಯವಾಗಿ ಮೂರೇ ಚಕ್ರ. ಓಡಿಸುವವರು ಅದರೊಳಗೆ ಬೆನ್ನು ಕೆಳಗೆ ಮಾಡಿ ಮಲಗಿರುತ್ತಾರೆ. ಗಾಡಿ, ಮನುಷ್ಯ ಎರಡೂ ಸೇರಿ 85 ಕೆ.ಜಿ. ಅಂತ ಇಟ್ಟುಕೊಳ್ಳಿ. ಇದಕ್ಕೆಂದೇ ಮಾಡಿದ ಟೈರಿನಲ್ಲಿ ಉರುಳುವ ತಡೆ ತೂಕದ ಸಾವಿರದಲ್ಲಿ ಒಂದೂವರೆ ಪಾಲು. ಅಂದರೆ ಸುಮಾರು 1.25 ನ್ಯೂಟನ್. ಮೈ ನುಣುಪಾಗಿ, ಸಣ್ಣದಾಗಿ, ಹಿಂದಕ್ಕೆ ಚೂಪಾಗಿ ಇರುವುದರಿಂದ ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಟ್ಟು ಎರಡೂವರೆ ನ್ಯೂಟನ್. ಕಾಲು ಕೆ.ಜಿ. ತೂಕವನ್ನು ಕೈಯಲ್ಲಿ ಹಿಡಿದು ನಿಲ್ಲಲು ಬೇಕಾದ ಬಲ ಅದು. ಅಷ್ಟು ಬಲದಿಂದ ಇಡೀ ಗಾಡಿ ಓಡುತ್ತದೆ!

ಒಂದು ಕಿ.ಮೀ. ಹೋಗಲು 2,500 ಜೂಲ್ ಬೇಕಾಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ, ಅಂದರೆ 3 ಕೋಟಿ 20 ಲಕ್ಷ ಜೂಲ್. ಎಂಜಿನ್, ಚೈನು, ಬೇರಿಂಗು ಎಲ್ಲ ತಿಂದು ಐದರಲ್ಲಿ ಒಂದು ಪಾಲು ಮಾತ್ರ ಚಕ್ರಕ್ಕೆ ತಲುಪಿತು ಅಂತ ಇಟ್ಟುಕೊಂಡರೂ 64 ಲಕ್ಷ ಜೂಲ್ ಕೈಯಲ್ಲಿದೆ. ಅದನ್ನು 2,500ರಿಂದ ಭಾಗಿಸಿ. 2,560 ಕಿ.ಮೀ. ಬಂತು. ಎಂಜಿನ್ನಿನಲ್ಲಿ ಯಾವ ಜಾದೂವನ್ನೂ ನಾನು ಸೇರಿಸಿಲ್ಲ.

ಈಗ ಅದೇ ಲೆಕ್ಕ ನಿಮ್ಮ ಕಾರಿಗೆ. ಜನ ಕೂತು 1,200 ಕೆ.ಜಿ. ಟೈರಿನ ತಡೆ ತೂಕದ ನೂರರಲ್ಲಿ ಒಂದು ಪಾಲು, ಸುಮಾರು 118 ನ್ಯೂಟನ್. 90 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಇನ್ನೊಂದು 240ರ ಆಸುಪಾಸು. ಒಟ್ಟು 360. ವಿದ್ಯಾರ್ಥಿಗಳ ಗಾಡಿಗಿಂತ ನೂರ ನಲವತ್ತು ಪಟ್ಟು ಜಾಸ್ತಿ! ಇಲ್ಲಿ ಎಂಜಿನ್ನಿಗೆ ಇನ್ನೂ ಸ್ವಲ್ಪ ಉದಾರವಾಗಿ ಕಾಲು ಪಾಲು ಚಕ್ರಕ್ಕೆ ಬಂತು ಅಂತ ಕೊಟ್ಟರೂ ಲೀಟರಿಗೆ 22 ಕಿ.ಮೀ. ದಾಟುವುದಿಲ್ಲ. ಆಮೇಲೆ ಸಿಗ್ನಲ್ಲು, ಬ್ರೇಕು, ಎಸಿ. ನಿಮ್ಮ ಹದಿನೇಳು ಸರಿಯಾಗಿಯೇ ಇದೆ.

ಹಾಗಾದರೆ ಆ ಹುಡುಗರ ಎಂಜಿನ್ ನಿಮ್ಮದಕ್ಕಿಂತ ಒಳ್ಳೆಯದು ಅಂತ ಅಲ್ಲ. ಎಷ್ಟೋ ಸಲ ಅದು ಹುಲ್ಲು ಕತ್ತರಿಸುವ ಯಂತ್ರದ್ದೋ ಪುಟ್ಟ ಬೈಕಿನದ್ದೋ ಎಂಜಿನ್ ಆಗಿರುತ್ತದೆ. ಅವರು ಗೆದ್ದಿರುವುದು ತಡೆಯನ್ನು. ಅದರ ಮೇಲೆ ಒಂದು ಉಪಾಯವೂ ಇದೆ. ಎಂಜಿನ್ನಿಗೆ ಕಡಿಮೆ ಕೆಲಸ ಕೊಟ್ಟು ಸುಮ್ನೆ ತಿರುಗಿಸಿದರೆ ಇಂಧನವೆಲ್ಲ ಅದರ ಒಳಗಿನ ಘರ್ಷಣೆಗೇ ಹೋಗುತ್ತದೆ. ಹಾಗಾಗಿ ಅವರು ಕೆಲವು ಸೆಕೆಂಡು ಜೋರಾಗಿ ಎಳೆಸಿ, ವೇಗ ಏರಿದ ಮೇಲೆ ಎಂಜಿನ್ ಆಫ್ ಮಾಡಿಬಿಡುತ್ತಾರೆ. ಗಾಡಿ ತನ್ನ ಪಾಡಿಗೆ ಉರುಳುತ್ತದೆ. ವೇಗ ತೀರಾ ಇಳಿದಾಗ ಮತ್ತೆ ಸ್ಟಾರ್ಟ್. ಓಟದ ಹೆಚ್ಚು ಹೊತ್ತು ಎಂಜಿನ್ ನಿಂತೇ ಇರುತ್ತದೆ.

ಅಂಕಿ ನಿಜ, ಸ್ವಾಮಿ. ಅದನ್ನು ನಿಮ್ಮ ಹದಿನೇಳರ ಪಕ್ಕ ತಂದು ನಿಲ್ಲಿಸಿದ್ದೇ ಮೋಸ. ಆ ಮೋಸ ಮಾಡುವುದು ಸಾಮಾನ್ಯವಾಗಿ ಹುಡುಗರಲ್ಲ, ತಲೆಬರಹ ಬರೆಯುವವರು. ವೇಗ ಎಷ್ಟು, ತೂಕ ಎಷ್ಟು ಅನ್ನುವುದು ಸುದ್ದಿಯ ಕೊನೆಯ ಸಾಲಿನಲ್ಲೂ ಇರುವುದಿಲ್ಲ.

ಪ್ರಶ್ನೆ: 1959ರ ಮಾಡೆಲ್ಲಿನ ಹಳೇ ಕಾರೊಂದು ಗ್ಯಾಲನ್ನಿಗೆ 376 ಮೈಲಿ ಓಡಿತ್ತಂತೆ. ಆ ತಂತ್ರವನ್ನು ತೈಲ ಕಂಪನಿಗಳೇ ಮುಚ್ಚಿಹಾಕಿದವು ಅಂತ ಗೆಳೆಯ ವಾದ ಮಾಡುತ್ತಾನೆ. ಏನು ಹೇಳಲಿ?

ನಿಮ್ಮ ಗೆಳೆಯ ಅರ್ಧ ಸತ್ಯ ಹೇಳಿದ್ದಾರೆ. ಅದು ಒಪೆಲ್ ಕಾರು. 1973ರಲ್ಲಿ ಅಮೆರಿಕದಲ್ಲಿ ನಡೆದ ಮೈಲೇಜ್ ಸ್ಪರ್ಧೆಯಲ್ಲಿ ಈ ಅಂಕಿ ದಾಖಲಾಗಿದೆ. ಲೀಟರಿಗೆ ಸುಮಾರು 160 ಕಿ.ಮೀ. ಆದರೆ ಸ್ಪರ್ಧೆ ನಡೆಸಿದ್ದು ಯಾರು ಗೊತ್ತೇ? ಶೆಲ್. ತೈಲ ಕಂಪನಿಯೇ! ಮುಚ್ಚಿಹಾಕುವವರು ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತಾರಾ?

ಆ ಕಾರನ್ನು ಕಿತ್ತು ಬರಿದು ಮಾಡಿದ್ದರು. ಎಂಜಿನ್ನಿನಿಂದ ಚಕ್ರಕ್ಕೆ ಚೈನ್ ಹಾಕಿದ್ದರು. ಟೈರ್ ಕಿರಿದು, ಗಟ್ಟಿ. ನಿಧಾನವಾಗಿ, ಎಂಜಿನ್ ಹಚ್ಚುತ್ತಾ ಆರಿಸುತ್ತಾ ಓಡಿಸಿದರು. ಅದರಲ್ಲಿ ಮನೆಯವರನ್ನು ಕೂರಿಸಿಕೊಂಡು ಊರಿಗೆ ಹೋಗಲು ಆಗುತ್ತಿರಲಿಲ್ಲ.

ಈ ಸ್ಪರ್ಧೆಯ ಬೇರು ಇನ್ನೂ ಹಳೆಯದು. 1939ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ವುಡ್ ರಿವರ್‌ನಲ್ಲಿದ್ದ ಶೆಲ್ ಪ್ರಯೋಗಾಲಯದ ವಿಜ್ಞಾನಿಗಳು ತಮ್ಮ ತಮ್ಮಲ್ಲೇ ಪಂಥ ಕಟ್ಟಿದರು: ಒಂದು ಗ್ಯಾಲನ್ನಿನಲ್ಲಿ ಯಾರ ಕಾರು ದೂರ ಹೋಗುತ್ತದೆ ಅಂತ. ಗೆದ್ದವರಿಗೆ ಸಿಕ್ಕಿದ್ದು ಸುಮಾರು 50 ಮೈಲಿ, ಲೀಟರಿಗೆ 21 ಕಿ.ಮೀ. 1985ರಲ್ಲಿ ಫ್ರಾನ್ಸಿನಲ್ಲಿ ಅದು ವಿದ್ಯಾರ್ಥಿಗಳ ಇಕೋ ಮ್ಯಾರಥಾನ್ ಆಗಿ ಹೊಸ ರೂಪ ಪಡೆಯಿತು.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ನಿಮ್ಮ ಲೆಕ್ಕವೆಲ್ಲ ನನಗೂ ಒಪ್ಪಿಗೆ. ನನ್ನ ಅನುಮಾನ ಅಳತೆಯ ಮೇಲೆ. ಇಡೀ ಲೀಟರ್ ಸುಟ್ಟು ಎರಡು ಸಾವಿರ ಕಿ.ಮೀ. ಓಡಿಸಿ ನೋಡಿದವರು ಯಾರಾದರೂ ಇದ್ದಾರಾ?

ಮೇಷ್ಟ್ರೇ, ಗುರಿ ಸರಿಯಾಗಿ ಇಟ್ಟವರು ನೀವೇ.

ಇಲ್ಲ, ಯಾರೂ ಒಂದು ಲೀಟರ್ ಸುಡುವುದಿಲ್ಲ. ಓಟ ಸಾಮಾನ್ಯವಾಗಿ ಹದಿನೈದು, ಹದಿನಾರು ಕಿ.ಮೀ. ಇರುತ್ತದೆ. 16 ಕಿ.ಮೀ. ಓಡಿ ಲೀಟರಿಗೆ 2,000 ಅಂತ ಫಲಿತಾಂಶ ಬಂದರೆ ಖರ್ಚಾದದ್ದು 8 ಮಿ.ಲೀ. ಕೆಮ್ಮಿನ ಔಷಧಿಯ ಎರಡು ಚಮಚವೂ ಇಲ್ಲ. ಉಳಿದದ್ದು ಗುಣಾಕಾರ. ಒಂದೇ ಒಂದು ಮಿ.ಲೀ. ಕಡಿಮೆ ಅಳೆದಿದ್ದರೆ, ಅಂದರೆ ನಿಜವಾಗಿ ಹೋದದ್ದು 9 ಆಗಿದ್ದರೆ, ಆ 2,000 ಹೋಗಿ 1,780 ಆಗುತ್ತದೆ. ಇಂಧನದ ಪೈಪಿನಲ್ಲಿ ಒಂದು ಗಾಳಿ ಗುಳ್ಳೆ ಸಾಕು ಅಷ್ಟು ಆಟ ಆಡಿಸಲು.

ಇನ್ನೊಂದು ಕಳ್ಳ ಇದ್ದಾನೆ, ಬಿಸಿಲು. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ನೂರಕ್ಕೆ ಒಂದು ಪಾಲು ಹಿಗ್ಗುತ್ತದೆ. ಕೇಳಲು ಚಿಕ್ಕದು. ಆದರೆ ಟ್ಯಾಂಕಿನಲ್ಲಿ 100 ಮಿ.ಲೀ. ಇದ್ದು, ತಂಪು ಹೊತ್ತಿನಲ್ಲಿ ತುಂಬಿಸಿ ಬಿಸಿಲಲ್ಲಿ ಓಡಿಸಿ ಬಂದರೆ ಹಿಗ್ಗಿದ್ದೇ ಒಂದು ಮಿ.ಲೀ. ಹತ್ತಿರ. ಖರ್ಚಾದದ್ದು ಎಂಟು, ಅದರಲ್ಲಿ ಒಂದನ್ನು ಬಿಸಿಲು ವಾಪಸ್ ತುಂಬಿಕೊಟ್ಟಂತೆ. ಅದಕ್ಕೇ ನೆಟ್ಟಗೆ ನಡೆಯುವ ಸ್ಪರ್ಧೆಗಳಲ್ಲಿ ಟ್ಯಾಂಕು ಬಹಳ ಚಿಕ್ಕದು, ಗಾಜಿನದ್ದು, ಕುತ್ತಿಗೆ ಸಣ್ಣ. ಕುತ್ತಿಗೆಯ ಮೇಲಿನ ಗೆರೆಯವರೆಗೆ ತುಂಬಿಸುತ್ತಾರೆ. ಓಟ ಮುಗಿದ ಮೇಲೆ ಅದೇ ಗೆರೆಗೆ ಬರಲು ಎಷ್ಟು ಬೇಕಾಯಿತು ಅಂತ ಅಳೆಯುತ್ತಾರೆ. ಉಷ್ಣತೆ ಬರೆದುಕೊಂಡು 15 ಡಿಗ್ರಿಯ ಲೆಕ್ಕಕ್ಕೆ ಸರಿಪಡಿಸುತ್ತಾರೆ. ನನ್ನನ್ನು ಕೇಳಿದರೆ ಗಾತ್ರದ ಗೊಡವೆಯೇ ಬೇಡ, ಓಟದ ಮೊದಲು ಮತ್ತು ಆಮೇಲೆ ಟ್ಯಾಂಕನ್ನು ಒಳ್ಳೆಯ ತಕ್ಕಡಿಯಲ್ಲಿ ತೂಗಬೇಕು. ತೂಕ ಬಿಸಿಲಿಗೆ ಹಿಗ್ಗುವುದಿಲ್ಲ.

ದೊಡ್ಡ ಕಾರುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವಾಗ ಟ್ಯಾಂಕಿನ ಕಡೆ ನೋಡುವುದೇ ಇಲ್ಲ ಅನ್ನುವುದು ನಿಮಗೆ ಇಷ್ಟವಾಗಬಹುದು. ಹೊಗೆಯನ್ನು ಹಿಡಿದು ಅದರಲ್ಲಿರುವ ಇಂಗಾಲವನ್ನು ಲೆಕ್ಕ ಹಾಕುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಳಗೆ ಹೋದ ಇಂಗಾಲ ಹೊರಗೆ ಬರಲೇಬೇಕು ತಾನೆ.

ಇಂಧನದ ಹೊರತಾಗಿ ಬೇರೆ ಕಡೆಯಿಂದ ಶಕ್ತಿ ನುಸುಳಿದೆಯಾ ಅಂತಲೂ ನೋಡಬೇಕು. ಪದೇ ಪದೇ ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿತಾ? ಬ್ಯಾಟರಿ ಮೊದಲಿಗಿಂತ ಖಾಲಿಯಾಗಿದೆಯಾ? ಹೊರಟ ಜಾಗಕ್ಕಿಂತ ಮುಗಿದ ಜಾಗ ತಗ್ಗಿನಲ್ಲಿದೆಯಾ? 85 ಕೆ.ಜಿ.ಯ ಗಾಡಿ 10 ಮೀಟರ್ ಕೆಳಗಿಳಿದರೆ ಸಿಗುವ ಶಕ್ತಿಯಲ್ಲಿ ಅದು ಮೂರು ಕಿ.ಮೀ. ಪುಕ್ಕಟೆ ಓಡುತ್ತದೆ! ಸುತ್ತು ಹೊಡೆದು ಹೊರಟಲ್ಲಿಗೇ ಬರುವ ಟ್ರ್ಯಾಕ್ ಇಟ್ಟಿರುವುದು ಸುಮ್ನೆ ಅಲ್ಲ.

ಪ್ರಶ್ನೆ: ಒಂದೇ ಕಾರಿಗೆ ಒಂದು ಕಡೆ ಗ್ಯಾಲನ್ನಿಗೆ 100 ಮೈಲಿ, ಇನ್ನೊಂದು ಕಡೆ 120 ಮೈಲಿ ಅಂತ ಬರೆದಿದ್ದಾರೆ. ಯಾವುದು ಸರಿ?

ಎರಡೂ ಇರಬಹುದು. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546. ಅಮೆರಿಕದ ಅಂಕಿಯನ್ನು 0.425ರಿಂದ, ಬ್ರಿಟನ್ನಿನದನ್ನು 0.354ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. ಯಾವ ಗ್ಯಾಲನ್ ಅಂತ ಬರೆಯದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ಪ್ರಶ್ನೆ: ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳ ಕಾರು ಲೀಟರಿಗೆ 5,385 ಕಿ.ಮೀ. ಓಡಿ ಗಿನ್ನೆಸ್ ದಾಖಲೆ ಮಾಡಿದೆ ಅಂತ ಮಗಳು ಹೇಳಿದಳು. ನಿಮ್ಮ 2,560ಕ್ಕಿಂತ ಎರಡು ಪಟ್ಟು! ಈಗೇನಂತೀರಿ?

ಮಗಳು ಹೇಳಿದ್ದು ನಿಜ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ಯಾಕ್ ಕಾರ್ 2, 2005ರಲ್ಲಿ ಫ್ರಾನ್ಸಿನ ಲಾಡೂ ಟ್ರ್ಯಾಕಿನಲ್ಲಿ ಮಾಡಿದ ಸಾಧನೆ. ಗಾಡಿಯ ತೂಕ ಮೂವತ್ತು ಕೆ.ಜಿ. ಕೂಡ ಇರಲಿಲ್ಲ. ಅದರ ಆಕಾರದ ಚಿತ್ರ ಸಿಕ್ಕರೆ ನೋಡಿ, ನನಗೆ ಈಗಲೂ ಬಹಳ ಇಷ್ಟ.

ಆದರೆ ಅದರಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಅದು ಓಡಿದ್ದು ಫ್ಯೂಯೆಲ್ ಸೆಲ್ಲಿನಲ್ಲಿ, ಅಂದರೆ ಹೈಡ್ರೋಜನ್ನಿನಿಂದ ನೇರವಾಗಿ ಕರೆಂಟ್ ಮಾಡುವ ಸಾಧನದಲ್ಲಿ. ಇಡೀ ಓಟಕ್ಕೆ ಖರ್ಚಾದ ಹೈಡ್ರೋಜನ್ ಒಂದು ಗ್ರಾಂ ಆಸುಪಾಸು. ಅಷ್ಟು ಹೈಡ್ರೋಜನ್ನಿನ ಶಕ್ತಿ ಎಷ್ಟು ಪೆಟ್ರೋಲಿಗೆ ಸಮ ಅಂತ ಲೆಕ್ಕ ಹಾಕಿ ಲೀಟರಿನ ಅಂಕಿ ತೆಗೆದಿದ್ದಾರೆ. ಫ್ಯೂಯೆಲ್ ಸೆಲ್ ತನ್ನೊಳಗೆ ಹೋದ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕರೆಂಟ್ ಮಾಡಬಲ್ಲದು. ಚಿಕ್ಕ ಪೆಟ್ರೋಲ್ ಎಂಜಿನ್ನಿನ ಕೈಯಲ್ಲಿ ಅದು ಆಗದು. ನಾನು ಐದರಲ್ಲಿ ಒಂದು ಪಾಲು ಅಂತ ಹಿಡಿದಿದ್ದೆ ಅಲ್ವಾ, ಆ ಜಾಗದಲ್ಲಿ ಅರ್ಧ ಹಾಕಿ ನೋಡಿ. ಐದು ಸಾವಿರ ತಾನಾಗಿ ದಾಟುತ್ತದೆ.

ಬ್ಯಾಟರಿ ಕಾರಿಗೂ ಇದೇ ಮಾತು. ಒಂದು ಲೀಟರ್ ಪೆಟ್ರೋಲ್ ಅಂದರೆ ಸುಮಾರು 8.9 ಯೂನಿಟ್ ಕರೆಂಟ್. ಯೂನಿಟ್ಟಿಗೆ 300 ಕಿ.ಮೀ. ಓಡುವ ಗಾಡಿ ಈ ಲೆಕ್ಕದಲ್ಲಿ ಲೀಟರಿಗೆ 2,670 ಕಿ.ಮೀ. ಆದೀತು. ಆದರೆ ಆ ಕರೆಂಟನ್ನು ಕಲ್ಲಿದ್ದಲು ಸುಟ್ಟು ಮಾಡಿದ್ದರೆ, ಇಂಧನದ ಮೂರರಲ್ಲಿ ಎರಡು ಪಾಲು ವಿದ್ಯುತ್ ಸ್ಥಾವರದಲ್ಲೇ ಬಿಸಿಯಾಗಿ ಹೋಗಿರುತ್ತದೆ. ಪೆಟ್ರೋಲ್ ಗಾಡಿ ತನ್ನ ನಷ್ಟವನ್ನು ತಾನೇ ಹೊತ್ತು ಓಡುತ್ತದೆ, ಬ್ಯಾಟರಿ ಗಾಡಿ ಬೇರೆಯವರ ಮನೆಯಲ್ಲಿ ಬಿಟ್ಟು ಬಂದಿರುತ್ತದೆ. ಹಾಗಾಗಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಬಾರದು. ಯೂನಿಟ್ಟಿಗೆ ಎಷ್ಟು ಕಿ.ಮೀ. ಅಂತ ಹೇಳಿದರೆ ಸಾಕು.

ಪ್ರಶ್ನೆ: ಮೂರು ಚಕ್ರದ ಪೆಟ್ಟಿಗೆ ಬೇಡ. ನಾಲ್ಕು ಜನ ಕೂರುವ ನಿಜವಾದ ಕಾರಿನಲ್ಲಿ ಎಲ್ಲಿಯವರೆಗೆ ಹೋಗಬಹುದು?

ಇದಕ್ಕೆ ನಿಜವಾಗಿ ಪರೀಕ್ಷೆ ನಡೆದಿದೆ. 2010ರಲ್ಲಿ ಅಮೆರಿಕದಲ್ಲಿ ಆಟೊಮೋಟಿವ್ ಎಕ್ಸ್ ಪ್ರೈಜ್ ಅಂತ ಒಂದು ಸ್ಪರ್ಧೆ ಮುಗಿಯಿತು. ಗ್ಯಾಲನ್ನಿಗೆ 100 ಮೈಲಿಗೆ ಸಮನಾದ ಮೈಲೇಜು ಬರಬೇಕು, ಅದರ ಜೊತೆಗೆ ಗಾಡಿ ರಸ್ತೆಯಲ್ಲಿ ಓಡುವಂತೆಯೂ ಇರಬೇಕು ಅನ್ನುವುದು ಷರತ್ತು. ನೂರಕ್ಕೂ ಹೆಚ್ಚು ತಂಡಗಳು ಹೆಸರು ಕೊಟ್ಟಿದ್ದವು. ಫಿಲಡೆಲ್ಫಿಯಾದ ಒಂದು ಹೈಸ್ಕೂಲಿನ ಮಕ್ಕಳೂ ಇದ್ದರು. ಕೊನೆವರೆಗೆ ಹೋಗಲಿಲ್ಲ, ಆದರೆ ಎಷ್ಟೋ ದೊಡ್ಡವರ ತಂಡಗಳಿಗಿಂತ ಮುಂದೆ ಹೋದರು. ನಾಲ್ಕು ಜನರ ಕಾರಿನ ವಿಭಾಗದಲ್ಲಿ ಎಡಿಸನ್2 ತಂಡ 102.5 ತಲುಪಿ 50 ಲಕ್ಷ ಡಾಲರ್ ಗೆದ್ದಿತು. ಲೀಟರಿಗೆ 44 ಕಿ.ಮೀ. ಅಷ್ಟೇ! ಅದೂ ನಾನೂರು ಕೆ.ಜಿ. ಸುಮಾರಿನ, ಒಂದೇ ಸಿಲಿಂಡರಿನ, ಚಕ್ರಗಳನ್ನು ಮೈಯಿಂದ ಹೊರಗೆ ಚಾಚಿದ ವಿಚಿತ್ರ ಗಾಡಿ.

ದೊಡ್ಡ ಕಂಪನಿಗಳ ಕಡೆ ನೋಡಿದರೆ, ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1 ಇದೆ. ಎರಡೇ ಸೀಟು, 800 ಕೆ.ಜಿ., ಡೀಸೆಲ್ ಜೊತೆ ಬ್ಯಾಟರಿ. ಕಾಗದದ ಮೇಲೆ 100 ಕಿ.ಮೀ.ಗೆ 0.9 ಲೀಟರ್, ಅಂದರೆ ಲೀಟರಿಗೆ 111. ಆ ಅಂಕಿಯಲ್ಲಿ ಗೋಡೆಯ ಪ್ಲಗ್ಗಿನಿಂದ ತುಂಬಿಸಿದ ಕರೆಂಟಿನ ಲೆಕ್ಕ ಇಲ್ಲ. ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ ಐವತ್ತರ ಆಸುಪಾಸು. ಇನ್ನೂರೈವತ್ತು ಕಾರು ಮಾಡಿ ನಿಲ್ಲಿಸಿದರು.

ಲೀಟರಿಗೆ 44, ಲೀಟರಿಗೆ 50, ಈ ಎರಡು ಅಂಕಿ ನೆನಪಿಡಿ. ಹಳೇ ಕಾರನ್ನು ರಿಪೇರಿ ಮಾಡಿ ಲೀಟರಿಗೆ 100 ಬರಿಸಿದ್ದೇವೆ ಅಂತ ಯಾರಾದರೂ ಹೇಳಿದರೆ ಆಗ ಜೋರಾಗಿ ಅನುಮಾನ ಪಡಿ. 1,200 ಕೆ.ಜಿ. ಕಾರು 40 ಕಿ.ಮೀ. ವೇಗದಲ್ಲಿ ಮೆತ್ತಗೆ ಹೋದರೂ 165 ನ್ಯೂಟನ್ ತಡೆ ಇರುತ್ತದೆ. ಲೀಟರಿಗೆ 100 ಬರಬೇಕಾದರೆ ಇಂಧನದ ಅರ್ಧಕ್ಕೂ ಹೆಚ್ಚು ಚಕ್ರಕ್ಕೆ ಬರಬೇಕು. ರಸ್ತೆ ಕಾರುಗಳ ಅತಿ ಒಳ್ಳೆಯ ಪೆಟ್ರೋಲ್ ಎಂಜಿನ್‌ಗಳು ಅತಿ ಒಳ್ಳೆಯ ಗಳಿಗೆಯಲ್ಲಿ ನಲವತ್ತು ಪರ್ಸೆಂಟ್ ದಾಟುತ್ತವೆ, ಆದರೆ ಅರ್ಧ ಮುಟ್ಟುವುದಿಲ್ಲ. 2,000 ಕಿ.ಮೀ. ನಂಬಬಹುದು, 100 ನಂಬಬಾರದು. ವಿಚಿತ್ರ ಅನ್ನಿಸುತ್ತದೆ, ಆದರೆ ಲೆಕ್ಕ ಹೇಳುವುದು ಇದನ್ನೇ.

ಪ್ರಶ್ನೆ: ನಮ್ಮ ಹುಡುಗರ ಪ್ರಾಜೆಕ್ಟಿನಲ್ಲಿ ಎಂಜಿನ್ನಿಗೆ ನೀರಿನಿಂದ ಹೈಡ್ರೋಜನ್ ಮಾಡಿಕೊಡುವ ಡಬ್ಬಿ ಇಟ್ಟಿದ್ದಾರೆ. ಮೈಲೇಜು ಮೂವತ್ತು ಪರ್ಸೆಂಟ್ ಏರಿತಂತೆ.

ಆ ಡಬ್ಬಿಗೆ ಕರೆಂಟ್ ಎಲ್ಲಿಂದ? ಆಲ್ಟರ್ನೇಟರಿನಿಂದ. ಆಲ್ಟರ್ನೇಟರ್ ತಿರುಗಿಸುವುದು ಯಾರು? ಎಂಜಿನ್. ನೂರು ಪಾಲು ಪೆಟ್ರೋಲ್ ಸುಟ್ಟರೆ ಎಂಜಿನ್ ಇಪ್ಪತ್ತೈದು ಕೊಡುತ್ತದೆ, ಆಲ್ಟರ್ನೇಟರ್ ಅದನ್ನು ಹದಿನೈದು ಮಾಡುತ್ತದೆ, ನೀರನ್ನು ಒಡೆಯುವಷ್ಟರಲ್ಲಿ ಒಂಬತ್ತು ಉಳಿಯುತ್ತದೆ. ನೂರು ಕೊಟ್ಟು ಒಂಬತ್ತು ತಂದ ಹಾಗೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಧನ ಉಳಿಸುತ್ತೇವೆ ಅನ್ನುವ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷೆ ಮಾಡಿದೆ. ಬಹುತೇಕ ಯಾವುದರಿಂದಲೂ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ.

ಹುಡುಗರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಡಬ್ಬಿ ಕೂರಿಸಿದ ದಿನದಿಂದ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿರುತ್ತದೆ. ಅಷ್ಟರಿಂದಲೇ ಮೈಲೇಜು ಏರುತ್ತದೆ. ಡಬ್ಬಿಯ ಸ್ವಿಚ್ಚನ್ನು ಗಾಡಿ ಓಡಿಸುವವರಿಗೆ ಕಾಣದ ಜಾಗದಲ್ಲಿ ಇಟ್ಟು, ಬೇರೆಯವರು ಆನ್ ಆಫ್ ಮಾಡಿ, ಆಮೇಲೆ ಲೆಕ್ಕ ತೆಗೆಯಲಿ. ಪ್ರಾಜೆಕ್ಟಿಗೆ ಅದೇ ಒಳ್ಳೆಯ ವಿಷಯ ಆಗುತ್ತದೆ.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ವಿದ್ಯಾರ್ಥಿನಿ. ನಮ್ಮ ತಂಡದ ಗಾಡಿ ಲೀಟರಿಗೆ 180 ಕಿ.ಮೀ. ಕೊಟ್ಟಿದೆ. ಹೇಳಿದರೆ ಎಲ್ಲರೂ ನಗುತ್ತಾರೆ. ನಂಬುವ ಹಾಗೆ ಹೇಳುವುದು ಹೇಗೆ?

ಮೊದಲು ಶಭಾಷ್ ಕಣಮ್ಮಾ. ನಿನ್ನ ಅಂಕಿ ಮೇಲಿನ ಲೆಕ್ಕಕ್ಕೆ ಹೋಲಿಸಿದರೆ ಚಿಕ್ಕದೇ. ಮೊದಲ ಗಾಡಿಗೆ ಹಾಗೇ ಇರುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

180 ಅಂತ ಒಂದೇ ಅಂಕಿ ಹೇಳಬೇಡ. ಓಡಿದ್ದು 10.8 ಕಿ.ಮೀ., ಖರ್ಚಾದದ್ದು 60 ಮಿ.ಲೀ. ಅಂತ ಇದ್ದರೆ ಹಾಗೇ ಬರೆ. ನಿಮ್ಮ ಅಳತೆ ಎರಡು ಮಿ.ಲೀ. ಆಚೆ ಈಚೆ ಆಗಬಹುದಾದರೆ ಉತ್ತರ 174ರಿಂದ 186ರ ನಡುವೆ ಎಲ್ಲೋ ಇದೆ. ಅದನ್ನೂ ಬರೆ. ಓಡಿಸಿದವರ ತೂಕ ಸೇರಿಸಿ ಗಾಡಿ ಎಷ್ಟು ಕೆ.ಜಿ., ಸರಾಸರಿ ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತು ಆಫ್ ಇತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲ ಬೇಕು. ಎಲ್ಲಕ್ಕಿಂತ ಮುಖ್ಯ, ಓಡಿಸಿದ ಎಲ್ಲ ಸಲದ ಫಲಿತಾಂಶವನ್ನೂ ಕೊಡು. ಚೈನ್ ಕಳಚಿ ನಿಂತ ಓಟ ಇದ್ದರೆ ಅದನ್ನೂ. ಎಲ್ಲಕ್ಕಿಂತ ಒಳ್ಳೆಯದನ್ನು ಮಾತ್ರ ಆರಿಸಿ ತೋರಿಸುವುದನ್ನು ದೊಡ್ಡ ಕಂಪನಿಗಳೂ ಮಾಡುತ್ತವೆ, ನೀನು ಅವರಿಂದ ಅದನ್ನು ಕಲಿಯಬೇಕಿಲ್ಲ.

ಅಂದ ಹಾಗೆ ಒಂದು ಕೆಲಸ ಮಾಡು. ಖಾಲಿ, ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು 30 ಕಿ.ಮೀ. ವೇಗಕ್ಕೆ ತಂದು ಎಂಜಿನ್ ಆಫ್ ಮಾಡಿ ಬಿಟ್ಟುಬಿಡಿ. ನಿಲ್ಲುವವರೆಗೆ ಎಷ್ಟು ದೂರ ಉರುಳಿತು ಅಂತ ಟೇಪ್ ಹಿಡಿದು ಅಳೆಯಿರಿ. ಎರಡೂ ದಿಕ್ಕಿನಲ್ಲಿ ಮಾಡಿ. ನಗುವವರಿಗೆ ಆ ದೂರ ತೋರಿಸು. ತಡೆ ಎಷ್ಟಿದೆ ಅಂತ ಅದರಿಂದಲೇ ಲೆಕ್ಕ ತೆಗೆಯಬಹುದು, ಯಾರ ಗ್ಯಾಲನ್ನೂ ಬೇಡ. ಫಲಿತಾಂಶ ಬಂದ ಮೇಲೆ ನನಗೂ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕೋಣ. ಟೈರಿಗೆ ಎಷ್ಟು ಗಾಳಿ ತುಂಬಿಸಿದ್ದಿರಿ ಅನ್ನುವುದನ್ನು ಮರೀಬೇಡ.